ಸದ್ದಿಲ್ಲದ ಸೈಕಲ್ಲು

ಅಕ್ಕ ಸೈಕಲ್ಲು ಕಟ್ಟುವವಳು, ತಂಗಿ ಮುರಿಯುವವಳು. ಅವರನ್ನು ಬಲ್ಲವರು ಹೊಸಬರಿಗೆ ಪರಿಚಯ ಮಾಡಿಕೊಡುತ್ತಿದ್ದುದೇ ಹೀಗೆ. ರೈಲುಹಳಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಅವರ ಅಪ್ಪ ಕಿಟಕಿಯ ಸರಳುಗಳನ್ನು ಬೆಸೆಯುತ್ತಿದ್ದ. ಈಗ ಅದೇ ಶೆಡ್ಡಿನಲ್ಲಿ ಅಕ್ಕ ಉಕ್ಕಿನ ಕೊಳವೆಗಳನ್ನು ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ, ಬೆಸುಗೆ ಹಾಕಿ ಬೆಟ್ಟದ ಸೈಕಲ್ಲುಗಳ ಚೌಕಟ್ಟು ಮಾಡುತ್ತಿದ್ದಳು. ತಂಗಿ ಅವನ್ನು ಎಂಡ್ಯೂರೋ ಸ್ಪರ್ಧೆಗಳಲ್ಲಿ ಓಡಿಸುತ್ತಿದ್ದಳು. ಎಂಡ್ಯೂರೋ ಎಂದರೆ ಗುಡ್ಡವನ್ನು ಸ್ವಂತ ಕಾಲಬಲದಲ್ಲಿ ಹತ್ತಬೇಕು. ಹತ್ತಿದ ಮೇಲೆ ಕಲ್ಲು, ಬೇರು, ಕೊರಕಲು ಯಾವುದಕ್ಕೂ ಜಗ್ಗದೆ ಗಡಿಯಾರದ ಜೊತೆ ಜಿದ್ದಿಗೆ ಬಿದ್ದು ಇಳಿಯಬೇಕು. ಹತ್ತಲು ಬೇಕಾದ ಸೈಕಲ್ಲೇ ಬೇರೆ, ಇಳಿಯಲು ಬೇಕಾದದ್ದೇ ಬೇರೆ. ಎರಡನ್ನೂ ಒಂದರಲ್ಲೇ ತುರುಕುವುದು ಅಕ್ಕನ ಪಾಡು.

ಸ್ಪರ್ಧೆಗಳ ಕಾಲ ಮುಗಿದು, ತಂಗಿ ಮತ್ತೊಂದು ಚೌಕಟ್ಟಿನ ಎರಡು ತುಂಡುಗಳನ್ನು ಮೇಜಿನ ಮೇಲಿಟ್ಟ ದಿನ, ಅಕ್ಕ ಕನ್ನಡಕ ತೆಗೆದು ಒರೆಸುತ್ತಾ ಹೇಳಿದಳು:

"ಇದನ್ನೇ ಎಷ್ಟು ಸಲ ಬೆಸೆಯೋದು. ಹೊಸದಾಗಿ ಯೋಚನೆ ಮಾಡೋಣ. ನಿನಗೆ ಏನು ಬೇಕು ಹೇಳು."

"ನನ್ನೊಬ್ಬಳನ್ನ ಕೇಳಿದ್ರೆ ನನಗೊಬ್ಬಳಿಗೇ ಆಗೋ ಸೈಕಲ್ ಆಗುತ್ತೆ," ಎಂದಳು ತಂಗಿ. "ಓಡಿಸೋರನ್ನ ಕರಿ."

ಮುಂದಿನ ರಜೆಯ ಬೆಳಿಗ್ಗೆ ಗುಡ್ಡದಲ್ಲಿ ಸೈಕಲ್ಲು ಓಡಿಸುವ ಮೂವರು ಶೆಡ್ಡಿಗೆ ಬಂದರು. ಒಬ್ಬಳು ಬಸ್ಸು ಓಡಿಸುವವಳು. ಆಳು ಗಿಡ್ಡ, ಮಾತು ಚುರುಕು, ಎಲ್ಲರ ಬಾಯಲ್ಲೂ ಅವಳು ಗುಬ್ಬಿ. ಇನ್ನೊಬ್ಬ ಗ್ರಂಥಾಲಯದಲ್ಲಿ ಕೆಲಸ ಮಾಡುವ ಉದ್ದನೆಯ ಮನುಷ್ಯ. ಮೇಲಿನ ಕಪಾಟಿನ ಪುಸ್ತಕಕ್ಕೆ ಅವನಿಗೆ ಏಣಿ ಬೇಕಾಗದ ಕಾರಣ ಅವನಿಗೇ ಏಣಿ ಎಂಬ ಹೆಸರು ಬಿದ್ದಿತ್ತು. ಮೂರನೆಯವರು ದಂತವೈದ್ಯರು, ಕೂದಲು ನೆರೆತವರು, ವಾರವಿಡೀ ಪರರ ಬಾಯಿಯೊಳಗೆ ಬಗ್ಗಿ ನೋಡಿ ಬೆನ್ನು ಹಿಡಿಸಿಕೊಂಡವರು.

ಅಕ್ಕ ಖಾಲಿ ಪೆಟ್ಟಿಗೆಗಳನ್ನು ಮಗುಚಿ ಎಲ್ಲರನ್ನೂ ಕೂರಿಸಿದಳು. ಒಬ್ಬೊಬ್ಬರಾಗಿ ಮಾತಾಡಲಿ ಎಂಬುದು ಅವಳ ಆಸೆ. ಅದು ಆಸೆಯಾಗಿಯೇ ಉಳಿಯಿತು.

"ಸೈಕಲ್ ಮಾಡೋರೆಲ್ಲ ಜಗತ್ತಲ್ಲಿ ಏಣಿಯಂಥೋರೇ ಇದ್ದಾರೆ ಅಂದ್ಕೊಂಡಿದ್ದಾರೆ," ಎಂದು ಗುಬ್ಬಿ ಶುರು ಮಾಡಿದಳು. "ಇಳಿಜಾರಲ್ಲಿ ಹಿಂದಕ್ಕೆ ವಾಲಿದ್ರೆ ಹಿಂದಿನ ಚಕ್ರ ನನ್ನ ಚಡ್ಡಿನ ಸವರುತ್ತೆ. ಒಂದು ಚಡ್ಡಿ ಹೋಗೇ ಬಿಡ್ತು."

"ಅಯ್ಯೋ, ನನ್ನ ಮಂಡಿ ಹ್ಯಾಂಡಲ್‌ಗೆ ಹೊಡೆಯುತ್ತಲ್ಲ, ಅದಕ್ಕೇನು ಮಾಡ್ಲಿ," ಎಂದ ಏಣಿ. "ಅದಿರಲಿ, ನನಗೆ ಬೆನ್ನ ಮೇಲೆ ಚೀಲ ಬೇಡ. ಸೈಕಲ್ಲೊಳಗೇ ಒಂದು ಗೂಡು ಬೇಕು."

"ನನಗೆ ಸದ್ದು ಬೇಡ," ಎಂದರು ವೈದ್ಯರು. "ದಿನವಿಡೀ ಡ್ರಿಲ್ ಕೇಳ್ತೀನಿ. ಗುಡ್ಡಕ್ಕೆ ಬಂದ್ರೆ ಚೈನು ಲಟಲಟ, ಗೇರು ಕಟಕಟ. ಹಿಂದಗಡೆ ಜೋತಾಡೋ ಆ ಗೇರಿನ ಕೈ ಬೇರೆ ಪ್ರತಿ ಕಲ್ಲಿಗೂ ಹೋಗಿ ಮುತ್ತು ಕೊಟ್ಟು ಸೊಟ್ಟಗಾಗುತ್ತೆ."

ಅಲ್ಲಿಂದ ಮುಂದೆ ಯಾರು ಯಾವುದನ್ನು ಕೇಳಿದರೆಂದು ಹೇಳುವುದು ಕಷ್ಟ. ಹಗುರ ಇರಬೇಕು, ಆದರೆ ಬಂಡೆಯ ಮೇಲೆ ಬಿಸಾಡಿದರೂ ಬಾಗಬಾರದು. ಹತ್ತುವಾಗ ಮೇಕೆ, ಇಳಿಯುವಾಗ ಹಾಸಿಗೆ. ಕೆಸರಾದರೂ ತೊಳೆಯುವ ಗೋಜು ಇರಬಾರದು. ಮೋಟಾರು ಬೇಕೆಂದು ಗುಬ್ಬಿ, ಮೋಟಾರು ಹಾಕಿದರೆ ಮುಖ ನೋಡುವುದಿಲ್ಲವೆಂದು ಏಣಿ. ತಂಗಿಯೂ ಸುಮ್ಮನಿರದೆ "ಮತ್ತೆ ವೇಗ" ಎಂದು ಸೇರಿಸಿದಳು. ಅಕ್ಕ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿ ನೋಡಿ ಕತ್ತು ನೋಯಿಸಿಕೊಂಡಳು.

"ಒಂದು ನಿಮಿಷ," ಎಂದಳು. "ನೀವು ಹುಡುಕ್ತಿರೋದು ಸೈಕಲ್ಲಾ, ಅಳಿಯನ್ನಾ?"

ವೈದ್ಯರು ನಕ್ಕ ಭರಕ್ಕೆ ಕೂತಿದ್ದ ಪೆಟ್ಟಿಗೆಯ ತಳ ಕುಸಿಯಿತು. ಅವರನ್ನು ಎಬ್ಬಿಸಲು ಹೋದ ಏಣಿಯ ತಲೆ ಮೇಲಿನ ದೀಪಕ್ಕೆ ಬಡಿಯಿತು. ಸಭೆ ಅಲ್ಲಿಗೆ ಮುಗಿಯಿತು.

ಆದರೆ ಅಕ್ಕನಿಗೆ ಅಂದಿನಿಂದ ಹುಚ್ಚು ಹಿಡಿಯಿತು. ಊಟದ ತಟ್ಟೆಯಲ್ಲಿ ಚಮಚದಿಂದ ಕೋನಗಳನ್ನು ಎಳೆದಳು. ಮೋಟಾರಿನ ಮಾತನ್ನು ಪಕ್ಕಕ್ಕಿಟ್ಟಳು. ಮುಂದೆ ದೊಡ್ಡ ಚಕ್ರವನ್ನೂ ಹಿಂದೆ ಚಿಕ್ಕದನ್ನೂ ಇಟ್ಟಳು. ಗುಬ್ಬಿಯ ಚಡ್ಡಿಗಳಿಗೆ ಜೀವದಾನವಾಯಿತು. ಗೇರುಗಳನ್ನೆಲ್ಲ ಪೆಡಲಿನ ಬಳಿ ಒಂದು ಮುಚ್ಚಿದ ಡಬ್ಬಿಗೆ ಸೇರಿಸಿ, ಚೈನಿನ ಬದಲು ರಬ್ಬರಿನ ಪಟ್ಟಿ ಎಳೆದಳು. ಎರಡು ಬೋಲ್ಟು ಸಡಿಲಿಸಿದರೆ ಚೌಕಟ್ಟಿನ ಮೂತಿ ಉದ್ದವಾಗಿ ಏಣಿಗೂ ಒಪ್ಪುವಂತೆ ಮಾಡಿದಳು. ಕೆಳಗಿನ ದಪ್ಪ ಕೊಳವೆಗೆ ಪುಟ್ಟ ಬಾಗಿಲು ಕೊರೆದಳು. ತಂಗಿ ಕೊಳವೆ ಹಿಡಿದು ನಿಂತು, ತೂಕಡಿಸಿ, ಬೈಸಿಕೊಂಡಳು. ಚಳಿ ಕಳೆಯುವ ಹೊತ್ತಿಗೆ ಸೈಕಲ್ಲು ಸಿದ್ಧವಾಗಿ ನಿಂತಿತು. ಬಣ್ಣವಿಲ್ಲ, ಬೂದುಬೂದು; ಹಿಂದೆ ಕುಳ್ಳಗೆ, ಮುಂದೆ ಎದೆಯುಬ್ಬಿಸಿ, ಜಗಳಕ್ಕೆ ಹೊರಟಂತೆ.

ಗುಡ್ಡದ ಬುಡದಲ್ಲಿ ಎಲ್ಲರೂ ಅದರ ಸುತ್ತ ನೆರೆದರು. ಮೊದಲು ಗುಬ್ಬಿ ಹೋದಳು. ಅವಳು ಹತ್ತಿ, ಮರಗಳ ನಡುವೆ ಮರೆಯಾಗಿ, ಇಳಿದು ಬರುವವರೆಗೂ ಅಕ್ಕ ಉಗುರು ಕಚ್ಚುತ್ತಿದ್ದಳು. ಗುಬ್ಬಿ ಬಂದಳು. ಮುಖ ಪೂರಾ ಕೆಸರು, ಕಣ್ಣು ಮಾತ್ರ ಫಳಫಳ.

"ಹೇಗಿತ್ತು?" ಎಂದಳು ಅಕ್ಕ.

"ಸರಿಯಾಗಿ ಗೊತ್ತಾಗ್ಲಿಲ್ಲ," ಎಂದವಳೇ ಗುಬ್ಬಿ ಸೈಕಲ್ಲು ತಿರುಗಿಸಿ ಮತ್ತೆ ಹತ್ತಿದಳು. ಸರಿಯಾಗಿ ಗೊತ್ತಾಗಲು ಅವಳಿಗೆ ಇನ್ನೂ ಮೂರು ಸಲ ಬೇಕಾಯಿತು. ಕೊನೆಗೆ ಏಣಿ ದಾರಿಗೆ ಅಡ್ಡ ನಿಂತು ಹ್ಯಾಂಡಲ್ ಕಿತ್ತುಕೊಂಡ.

ಏಣಿ ಸೈಕಲ್ಲಿನ ಮೂತಿ ಉದ್ದ ಮಾಡಿಸಿಕೊಂಡು, ಗೂಡಿನಲ್ಲಿ ಬಾಳೆಹಣ್ಣು ಇಟ್ಟುಕೊಂಡು ಹೋದ. ಬಂದಾಗ ಬಾಗಿಲು ತೆರೆದರೆ ಹಣ್ಣು ಪಾಯಸವಾಗಿತ್ತು. ಅದನ್ನು ಬೆರಳಲ್ಲಿ ಬಳಿದು ತಿನ್ನುತ್ತಾ, ತನ್ನ ಮಂಡಿ ಎಲ್ಲಿಗೂ ಬಡಿಯಲಿಲ್ಲವೆಂಬ ಸುದ್ದಿಯನ್ನು ಮನೆಯವರಿಗೆಲ್ಲ ಫೋನು ಮಾಡಿ ಹೇಳಿದ.

ವೈದ್ಯರು ಇಳಿದು ಬಂದಾಗ ಮುಖ ಗಂಭೀರವಾಗಿತ್ತು. ಅಕ್ಕ ಎದುರಿಗೆ ಓಡಿದಳು.

"ಸದ್ದು ಬಂತಾ?"

"ಸೈಕಲ್ಲಿಂದ ಚೂರೂ ಇಲ್ಲ," ಎಂದರು ವೈದ್ಯರು. "ಆದ್ರೆ ಮೇಲಿಂದ ಕೆಳಗಿನವರೆಗೂ ಯಾರೋ ಅರಚ್ತಾನೇ ಇದ್ರು. ಆಮೇಲೆ ನೋಡಿದ್ರೆ ನಾನೇ. ಇಷ್ಟು ವರ್ಷ ಆ ಚೈನಿನ ಗಲಾಟೆಯಲ್ಲಿ ನನಗೆ ಗೊತ್ತೇ ಆಗಿಲ್ಲ ನೋಡಿ."

"ನಮಗೆಲ್ಲ ಗೊತ್ತಿತ್ತು," ಎಂದಳು ಗುಬ್ಬಿ.

ಉಳಿದವಳು ತಂಗಿ. ಅವಳು ಗಡಿಯಾರವನ್ನು ಅಕ್ಕನ ಕೈಗೆ ಕೊಟ್ಟು, ಗುಡ್ಡ ಹತ್ತಿ, ತುದಿಯಿಂದ ಫೋನಿನಲ್ಲಿ "ಹೊರಟೆ" ಎಂದು ಹೇಳಿ ಇಳಿಯತೊಡಗಿದಳು. ಹಳೆಯ ಸೈಕಲ್ಲಿನಲ್ಲಿ ಅವಳು ಬರಬೇಕಾದ ಹೊತ್ತು ಬಂತು, ದಾಟಿತು. ಅಕ್ಕ ದಾರಿಯತ್ತ ಓಡಲು ಶುರು ಮಾಡಿದಾಗ ತಂಗಿ ಕೊನೆಯ ತಿರುವಿನಲ್ಲಿ ಕಾಣಿಸಿಕೊಂಡಳು, ಹಲ್ಲು ಕಿರಿಯುತ್ತಾ.

"ಬಿದ್ಯಾ?"

"ಇಲ್ಲ. ಬಂಡೆ ಹತ್ರ ಒಂದು ತಿರುವಿದೆಯಲ್ಲ, ಎಷ್ಟು ಚೆನ್ನಾಗಿ ತಿರುಗ್ತು ಅಂದ್ರೆ, ನಿಲ್ಲಿಸಿ ವಾಪಸ್ ತಳ್ಕೊಂಡು ಹೋಗಿ ಇನ್ನೊಂದ್ ಸಲ ತಿರುಗಿಸ್ದೆ."

"ಗಡಿಯಾರ ಓಡ್ತಾ ಇರೋವಾಗ?"

"ಮರ್ತೇ ಹೋಯ್ತಕ್ಕ."

ಸ್ಪರ್ಧೆಗೆ ಇಳಿದಾಗಿನಿಂದ ತಂಗಿ ಕನಸಿನಲ್ಲೂ ಗಡಿಯಾರ ನೋಡುತ್ತಿದ್ದವಳು. ಅಕ್ಕ ಅವಳ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ.

"ಈಗ ನೀನು," ಎಂದಳು ತಂಗಿ, ತನ್ನ ಹೆಲ್ಮೆಟ್ಟನ್ನು ಅಕ್ಕನ ತಲೆಗೆ ಒತ್ತುತ್ತಾ.

ಅಕ್ಕ ಸಮತಟ್ಟು ರಸ್ತೆ ಬಿಟ್ಟು ಎಲ್ಲೂ ಸೈಕಲ್ಲು ಓಡಿಸಿದವಳಲ್ಲ. ಕಟ್ಟುವುದು ತನ್ನ ಕೆಲಸ, ಬೀಳುವುದು ಬೇರೆಯವರದು ಎಂದು ಬಾಳಿದವಳು. ಹಾಗೆಂದೇ ಈಗಲೂ ಹೇಳಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಏಣಿ ಸೈಕಲ್ಲನ್ನು ಹೆಗಲಿಗೇರಿಸಿದ, ಗುಬ್ಬಿ ಅಕ್ಕನನ್ನು ಹಿಂದಿನಿಂದ ತಳ್ಳಿದಳು, ವೈದ್ಯರು ನೋವೇ ಆಗುವುದಿಲ್ಲ ಎಂದು ತಮ್ಮ ಕುರ್ಚಿಯ ಪಕ್ಕ ಹೇಳುವ ದನಿಯಲ್ಲೇ ಹೇಳುತ್ತಾ ನಡೆದರು. ತುದಿಯಲ್ಲಿ ತಂಗಿ ಅವಳ ಅಳತೆಗೆ ಬೋಲ್ಟು ಬಿಗಿದು, ಸೀಟು ತಗ್ಗಿಸಿ, "ಬ್ರೇಕನ್ನ ಹಿಂಡ್ಬೇಡ, ಸವರು. ದೂರ ನೋಡು. ಅಷ್ಟೇ," ಎಂದಳು.

ಮೊದಲ ತಿರುವಿನವರೆಗೂ ಅಕ್ಕ ಬ್ರೇಕನ್ನು ಹಿಂಡಿಕೊಂಡೇ ಹೋದಳು. ಎರಡನೆಯದರಲ್ಲಿ ಬೇರುಗಳು ಬಂದವು. ಆದರೆ ಸೈಕಲ್ಲು ಬೇರುಗಳ ಮೇಲೆ ಮಗುವನ್ನು ತಟ್ಟಿದ ಹಾಗೆ ತಟ್ಟುತ್ತಾ ಸಾಗಿತು. ತನ್ನ ಬೆಸುಗೆಗಳು ಒಂದೊಂದೂ ಕಾಲಡಿಯಲ್ಲಿ ಕೆಲಸ ಮಾಡುತ್ತಿರುವುದು ಅವಳಿಗೆ ಅಂಗಾಲಿನಲ್ಲೇ ತಿಳಿಯಿತು. ಬೆರಳು ತಾನಾಗಿ ಸಡಿಲವಾಯಿತು. ಆಮೇಲೆ ಮರಗಳು ಬರಲಿಲ್ಲ, ಹೋಗತೊಡಗಿದವು. ಹೊಟ್ಟೆ ಎಲ್ಲೋ ಮೇಲೆಯೇ ಉಳಿದುಬಿಟ್ಟಿತು. ಸದ್ದೇ ಇಲ್ಲದ ಆ ಓಟದಲ್ಲಿ ಕಿರಿಯ ವಯಸ್ಸಿನವಳ್ಯಾರೋ ಕಿಲಕಿಲನೆ ನಗುತ್ತಿದ್ದಳು, ಮತ್ತು ಆ ನಗು ತನ್ನದೇ ಎಂದು ಅಕ್ಕನಿಗೆ ಗೊತ್ತಾಗುವಷ್ಟರಲ್ಲಿ ಬಂಡೆಯ ತಿರುವು ಬಂತು. ಸೈಕಲ್ಲು ತಿರುಗಿತು. ಅಕ್ಕ ನೇರವಾಗಿ ಹೋದಳು.

ಉಳಿದವರು ಏದುಸಿರು ಬಿಡುತ್ತಾ ಓಡಿ ಬಂದಾಗ ಅವಳು ಜರಿಗಿಡಗಳ ನಡುವೆ ಅಂಗಾತ ಬಿದ್ದಿದ್ದಳು. ಕನ್ನಡಕ ಒಂದೇ ಕಿವಿಗೆ ನೇತಾಡುತ್ತಿತ್ತು. ಏಳಲು ನೋಡಿದಳು, ನಗು ಬಂದು ಮತ್ತೆ ಮಲಗಿದಳು.

"ಅಕ್ಕ, ಏನಾದ್ರೂ ಮುರೀತಾ?" ತಂಗಿ ಅವಳ ಪಕ್ಕ ಕುಕ್ಕರಿಸಿದಳು.

"ಸೀಟು ಇನ್ನೂ ಕೆಳಗೆ ಹೋಗ್ಬೇಕು," ಎಂದಳು ಅಕ್ಕ ಆಕಾಶ ನೋಡುತ್ತಾ. "ಹಿಡಿ ದಪ್ಪ ಆಯ್ತು, ಸಣ್ಣ ಕೈಗೆ ಸಿಗಲ್ಲ. ಬ್ರೇಕು ಇನ್ನೂ ಮೆತ್ತಗಿರ್ಬೇಕು. ಆಮೇಲೆ ಈ ತಿರುವಲ್ಲಿ ಮುಂದಿನ ಚಕ್ರ ಇನ್ನೊಂಚೂರು..."

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗುಬ್ಬಿ ಅಲ್ಲೇ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ವೈದ್ಯರು ಅಕ್ಕನ ಹಲ್ಲುಗಳನ್ನು ಪರೀಕ್ಷಿಸಿ ಎಲ್ಲವೂ ಸ್ವಸ್ಥಾನದಲ್ಲಿವೆ ಎಂದು ಘೋಷಿಸಿದರು. ಏಣಿ ಎತ್ತಿ ನಿಲ್ಲಿಸಿದ ಸೈಕಲ್ಲಿಗೆ ಒಂದು ಗೀರು ಬಿಟ್ಟರೆ ಏನೂ ಆಗಿರಲಿಲ್ಲ.

ಅವನು ಅದನ್ನು ತನ್ನ ಸರದಿಯೆಂಬಂತೆ ತಿರುಗಿಸುತ್ತಿದ್ದಾಗ ಅಕ್ಕ ಎದ್ದು ಬಂದು ಹ್ಯಾಂಡಲ್ ಹಿಡಿದಳು. ಅವನ ಪ್ರತಿಭಟನೆಯನ್ನು ಕೇಳಿಸಿಕೊಳ್ಳದೆ, ತಲೆಗೂದಲಲ್ಲಿ ಎಲೆಗಳನ್ನು ಸಿಕ್ಕಿಸಿಕೊಂಡೇ, ಗುಡ್ಡದ ತುದಿಯ ಕಡೆ ತಳ್ಳತೊಡಗಿದಳು. ಸ್ವಲ್ಪ ದೂರ ಹೋಗಿ ನಿಂತು ಸೊಂಟಕ್ಕೆ ಕೈಯಿಟ್ಟು ಉಸಿರು ಎಳೆದುಕೊಂಡಳು.

"ಏನು ಭಾರ ಮಾರಾಯ್ತಿ ಇದು," ಎಂದಳು ತಂಗಿಗೆ. "ಯಾವ ಪುಣ್ಯಾತ್ಗಿತ್ತಿ ಮಾಡಿದ್ದು ಇದನ್ನ?"