ಏಳೂವರೆಯ ಕರೆಗೆ ಉಳಿಯದ ಚಾರ್ಜು

ತ್ಯಾಗರಾಜನಗರದ ವರದರಾಜರ ಮನೆಯಲ್ಲಿ ಸಾಕೆಟ್ ಇರುವ ಕಡೆ ಸಿಗ್ನಲ್ ಸರಿಯಿಲ್ಲ, ಸಿಗ್ನಲ್ ಇರುವ ಕಡೆ ಸಾಕೆಟ್ ಇಲ್ಲ. ಹಳೆಯ ಕಾಲದ ದಪ್ಪ ಗೋಡೆಯ ಮನೆ ಅದು. ಬೇಸಿಗೆಯಲ್ಲೂ ಒಳಗೆ ತಣ್ಣಗಿರುತ್ತದೆ, ಫೋನಿಗೆ ಮಾತ್ರ ಉಸಿರು ಕಟ್ಟುತ್ತದೆ. ಹಾಡಿನ ವಿಡಿಯೋ ಹೇಗೋ ತಡೆದು ತಡೆದು ಬಂದೀತು, ಯಾರ ಹತ್ತಿರವಾದರೂ ಮಾತಾಡಬೇಕೆಂದರೆ ತಾರಸಿ ಹತ್ತಿ ನೀರಿನ ಟ್ಯಾಂಕಿನ ಪಕ್ಕ ನಿಲ್ಲಬೇಕು. ಇಂಥ ಮನೆ ನಿಮ್ಮ ಬೀದಿಯಲ್ಲೂ ಒಂದಾದರೂ ಇದ್ದೀತು.

ಇಷ್ಟು ದಿನ ಇದೇನೂ ದೊಡ್ಡ ತೊಂದರೆ ಆಗಿರಲಿಲ್ಲ. ವರದರಾಜರು ಮಾತಾಡಬೇಕಾದವರು ಅಡುಗೆಮನೆಯಲ್ಲೇ ಇರುತ್ತಿದ್ದರು. ಆದರೆ ಈಗ ಹೆಂಡತಿ ಅಂಬುಜಮ್ಮ ಮಗಳು ತನ್ಮಯಿಯ ಬಾಣಂತನಕ್ಕೆಂದು ಗುವಾಹಟಿಗೆ ಹೋಗಿದ್ದಾರೆ. ಅಳಿಯನಿಗೆ ಅಲ್ಲಿ ರೈಲ್ವೆಯಲ್ಲಿ ಕೆಲಸ. ಮದುವೆಯಾದಾಗಿನಿಂದ ಗಂಡ ಹೆಂಡತಿ ಇಷ್ಟು ದಿನ ಬೇರೆ ಇದ್ದದ್ದೇ ಇಲ್ಲ. ಯಾರಾದರೂ ವಿಚಾರಿಸಿದರೆ ವರದರಾಜರು, "ನನಗೇನು, ಆರಾಮಾಗಿದೀನಿ. ಸಾರು ಮಾಡ್ಕೊಳೋದಕ್ಕೆ ಬರಲ್ವಾ?" ಎನ್ನುತ್ತಿದ್ದರು. ಸಾರು ಮಾಡಲು ಬರುತ್ತಿತ್ತು ನಿಜ. ಆದರೆ ದಿನಾ ಇಬ್ಬರಿಗಾಗುವಷ್ಟು ಮಾಡಿ, ಒಂದು ಪಾಲು ಚೆಲ್ಲುತ್ತಿದ್ದರು.

ಅಂಬುಜಮ್ಮನಿಗೆ ಬಿಡುವಾಗುವುದು ಸಂಜೆ ಏಳೂವರೆಗೆ. ಆ ಊರಿನಲ್ಲಿ ಬೇಗ ಕತ್ತಲಾಗುತ್ತದೆ, ಬೇಗ ಬೆಳಗಾಗುತ್ತದೆ. ಮಗುವನ್ನು ಮಲಗಿಸಿ, ಬಾಣಂತಿಗೆ ಊಟ ಬಡಿಸಿ, ತಾವು ಮಲಗುವ ಮುಂಚೆ ಗಂಡನಿಗೆ ವಿಡಿಯೋ ಕಾಲ್ ಮಾಡುತ್ತಿದ್ದರು. ವರದರಾಜರು ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಗುಮಾಸ್ತರು. ಆಫೀಸಿನಲ್ಲಿ ಸ್ವಂತದ ಚಾರ್ಜರ್ ಚುಚ್ಚಿದರೆ ಹೆಡ್ ಮೇಡಂರ ಹುಬ್ಬು ಗಂಟಾಗುತ್ತದೆ. ಬಸ್ಸು ಹಿಡಿದು ಮನೆ ಸೇರುವ ಹೊತ್ತಿಗೆ ಏಳು ದಾಟಿರುತ್ತದೆ. ಕಾಲು ತೊಳೆದು ನೇರ ತಾರಸಿಗೆ ಓಡಬೇಕು.

ಅವತ್ತೂ ಹಾಗೇ ಓಡಿದರು. ಕರೆ ಬಂತು, ಅಂಬುಜಮ್ಮನ ಮುಖ ಕಂಡಿತು.

"ರೀ, ಇವತ್ತು ಮಗು ನಕ್ಕಿತು ಕಣ್ರೀ! ಥೇಟ್ ನಿಮ್ಮ ಥರಾನೇ, ಒಂದು ಕಡೆ..."

ಅಷ್ಟರಲ್ಲಿ, ಹಿಂದಿನ ಕೆಲವು ಸಂಜೆಗಳ ಹಾಗೇ, ಚಾರ್ಜು ಮುಗಿದು ಫೋನ್ ಕಪ್ಪಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕೆಳಗೆ ಹೋಗಿ ಚಾರ್ಜಿಗೆ ಹಾಕಿ, ಅದಕ್ಕೆ ಜೀವ ಬಂದ ಮೇಲೆ ಮತ್ತೆ ಮೇಲೆ ಬರುವಷ್ಟರಲ್ಲಿ ಗುವಾಹಟಿಯಲ್ಲಿ ದೀಪ ಆರಿತ್ತು. ಒಂದು ಮೆಸೇಜು ಮಾತ್ರ ಬಂದಿತ್ತು: "ಮಾತು ಬೇಡ ಅಂದ್ರೆ ಹೇಳಿಬಿಡಿ. ದಿನಾ ಹೀಗೆ ಕಟ್ ಮಾಡಬೇಡಿ."

ಮಾರನೆಯ ದಿನ ಏಳೂವರೆಗೆ ಕರೆ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ವರದರಾಜರೇ ಮಾಡಿದರೆ, "ಮಗು ಅಳ್ತಿದೆ, ಆಮೇಲೆ" ಎಂದು ಇಟ್ಟುಬಿಟ್ಟರು. ಆ 'ಆಮೇಲೆ' ಬರುವ ಹೊತ್ತಿಗೆ ಫೋನ್ ಮತ್ತೆ ಸತ್ತಿತ್ತು.

ಪಕ್ಕದ ಮನೆಯ ಲಕ್ಷ್ಮೀದೇವಮ್ಮ ಅಂಬುಜಮ್ಮನ ಮಹಿಳಾ ಸಂಘದ ಗೆಳತಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಟ್ರಂಕ್ ಕಾಲ್ ಬುಕ್ ಮಾಡಿ ಒಂದು ದನಿಗಾಗಿ ಗಂಟೆಗಟ್ಟಲೆ ಕಾಯುತ್ತಿದ್ದವರನ್ನು ಕಂಡವರು. ಕಾಂಪೌಂಡಿನ ಮೇಲಿಂದ ಹುಳಿಯ ಡಬ್ಬಿ ಕೊಡುತ್ತಾ ಅವರು ಹೇಳಿದರು, "ವರದರಾಜರೇ, ಬೇಕಾದ್ರೆ ನನ್ನ ಫೋನಿಂದ ಮಾತಾಡಿ. ಸಂಕೋಚ ಯಾಕೆ?"

ವರದರಾಜರ ಕಿವಿ ಕೆಂಪಾಯಿತು. ಪಕ್ಕದ ಮನೆಯವರ ಫೋನು ಹಿಡಿದು ಹೆಂಡತಿಯ ಹತ್ತಿರ ಏನು ಮಾತಾಡುವುದು? "ಬೇಡ ಬಿಡಿ. ಹೇಗೂ ಇವತ್ತು ರಜಾ, ಇವತ್ತೇ ಹೊಸ ಫೋನ್ ತಗೋತೀನಿ. ನಮ್ಮ ಆಫೀಸಿನ ಪ್ರಸನ್ನನ ಹತ್ರ ಇರೋದೇ. ಬ್ಯಾಟ್ರಿ ಆರು ಸಾವಿರ ಎಂಎಎಚ್ ಅಂತೆ. ಒಂದ್ಸಲ ಚಾರ್ಜ್ ಮಾಡಿದ್ರೆ ಅವನಿಗೆ ಎರಡು ದಿನ ಬರತ್ತೆ."

"ನಾನೂ ಬರ್ತೀನಿ ಇರಿ. ಗಾಂಧಿಬಜಾರಿನಲ್ಲಿ ಹೂವು ತಗೋಬೇಕು."

ಅಂಗಡಿಯ ಸೇಲ್ಸ್‌ಮನ್ ಡಬ್ಬಿ ಮುಂದಿಟ್ಟ. ಮೇಲೆ ಕುಂಬಳಕಾಯಿ ಗಾತ್ರದಲ್ಲಿ ಆರು ಸಾವಿರ ಎಂದು ಬರೆದಿತ್ತು. "ಬ್ಯಾಟ್ರಿ ವಿಷಯದಲ್ಲಿ ಕಣ್ಮುಚ್ಕೊಂಡು ತಗೊಳ್ಳಿ ಸಾರ್. ಒಂದು ದಿನ ಪೂರ್ತಿ ಬರತ್ತೆ."

ಲಕ್ಷ್ಮೀದೇವಮ್ಮ ಕನ್ನಡಕ ಸರಿಮಾಡಿಕೊಂಡು ಕೇಳಿದರು, "ಯಾರ ದಿನಾನಪ್ಪಾ?"

"ಅಂದ್ರೆ ಆಂಟಿ?"

"ನನ್ನ ದಿನ ಬೇರೆ, ಇವರ ದಿನ ಬೇರೆ, ನಿನ್ನ ದಿನ ಬೇರೆ. ಇದರಲ್ಲಿ ಸುಮ್ನೆ ವಿಡಿಯೋ ಹಾಕಿಟ್ರೆ ಎಷ್ಟು ಹೊತ್ತು ಬರತ್ತೆ? ಸಿಗ್ನಲ್ ಸರಿಯಿಲ್ದೇ ಇರೋ ಮನೇಲಿ ಎಷ್ಟು ಹೊತ್ತು ಬರತ್ತೆ?"

ಸೇಲ್ಸ್‌ಮನ್ ತಲೆ ಕೆರೆದುಕೊಂಡ. ವರದರಾಜರಿಗೆ ಕಿರಿಕಿರಿಯಾಯಿತು. "ಏನ್ರೀ ಇದು, ಗೊಜ್ಜಿಗೆ ಬದನೆಕಾಯಿ ಆರಿಸಿದ ಹಾಗೆ! ನಂಬರ್ ದೊಡ್ಡದಿದ್ರೆ ಜಾಸ್ತಿ ಬರತ್ತೆ. ಇದರಲ್ಲಿ ಯೋಚನೆ ಮಾಡೋದೇನಿದೆ?"

"ಬೆಳ್ಳಗಿರೋದೆಲ್ಲಾ ಹಾಲಲ್ಲ, ವರದರಾಜರೇ. ಡಬ್ಬಿ ತುಂಬಾ ಅಕ್ಕಿ ಇದ್ರೆ ಸಾಕಾ? ಮನೇಲಿ ಉಣ್ಣೋರೆಷ್ಟು ಜನ ಅಂತ ನೋಡ್ಬೇಡ್ವಾ? ದೊಡ್ಡ ಪರದೆ ಜಾಸ್ತಿ ಉಣ್ಣತ್ತೆ. ಜಾಸ್ತಿ ಬೆಳಕು ಇಟ್ರೆ ಇನ್ನೂ ಉಣ್ಣತ್ತೆ. ಒಳಗಿನ ಯಂತ್ರ, ಪ್ರೊಸೆಸರ್ ಅಂತಾರಲ್ಲ, ಅದು ಹಳೇ ಕಾಲದ್ದಾದ್ರೆ ಅದೂ ಉಣ್ಣತ್ತೆ. ಪ್ರಸನ್ನ ಫೋನಲ್ಲಿ ಏನು ಮಾಡ್ತಾನೆ?"

"ಏನಿಲ್ಲ. ಮಾತಾಡ್ತಾನೆ, ಮೆಸೇಜ್ ನೋಡ್ತಾನೆ, ಡ್ರಾಯರಲ್ಲಿ ಇಡ್ತಾನೆ."

"ಮತ್ತೆ? ಅವನ ಎರಡು ದಿನ ನಿಮಗೆ ಹೇಗೆ ಬರತ್ತೆ? ಭಾನುವಾರ ಒಂದಿನಕ್ಕೆ ಅವನ ಫೋನ್ ಇಸ್ಕೊಂಡು ಬನ್ನಿ. ನನ್ನದೂ ಕೊಡ್ತೀನಿ. ನನ್ನದರ ನಂಬರು ಐದು ಸಾವಿರಾನೇ. ಎರಡನ್ನೂ ಪೂರ್ತಿ ಚಾರ್ಜ್ ಮಾಡಿ, ನೀವು ದಿನಾ ನಿಮ್ಮ ಫೋನಲ್ಲಿ ಏನೇನು ಮಾಡ್ತೀರೋ ಎರಡರಲ್ಲೂ ಅದನ್ನೇ ಮಾಡಿ. ಬೆಳಕೂ ಒಂದೇ ಸಮ ಇಡಿ. ಆಮೇಲೆ ತಗೊಳ್ಳಿ."

ವರದರಾಜರು ಬರಿಗೈಯಲ್ಲಿ ಮನೆಗೆ ಬಂದರು. ಇನ್ನೂ ಮೂರು ಸಂಜೆ ಹೀಗೇ ಕಳೆಯಬೇಕಲ್ಲ ಎಂದು ಲಕ್ಷ್ಮೀದೇವಮ್ಮನ ಮೇಲೆ ಒಳಗೊಳಗೇ ಸಿಟ್ಟೂ ಬಂತು. ಆ ಸಂಜೆಯೂ ತಾರಸಿಗೆ ಹೋಗಿ ಟ್ಯಾಂಕಿನ ಪಕ್ಕ ನಿಂತರು. ಎದುರು ಮನೆಯಲ್ಲಿ ಯಾರೋ ಯಾರನ್ನೋ ಊಟಕ್ಕೆ ಕರೆಯುತ್ತಿದ್ದರು. ತಮ್ಮನ್ನು ಹಾಗೆ ಯಾರಾದರೂ ಕರೆದು ಎಷ್ಟು ದಿನವಾಯಿತು ಎಂದು ಅವರು ಬೆರಳು ಮಡಚಿ ಎಣಿಸಿದರು.

ಭಾನುವಾರ ಬಂತು. ಹಿಂದಿನ ರಾತ್ರಿಯೇ ಪ್ರಸನ್ನನ ಫೋನು, ಲಕ್ಷ್ಮೀದೇವಮ್ಮನ ಫೋನು ಎರಡನ್ನೂ ತಂದು ಪೂರ್ತಿ ಚಾರ್ಜ್ ಮಾಡಿಟ್ಟಿದ್ದರು. ಬೆಳಿಗ್ಗೆ ಎದ್ದವರೇ ದೇವರಮನೆಯ ಮುಂದೆ ಎರಡೂ ಫೋನುಗಳನ್ನು ಒರಗಿಸಿಟ್ಟು, ಎರಡರಲ್ಲೂ ಒಂದೇ ದೇವರನಾಮದ ವಿಡಿಯೋ ಹಾಕಿದರು. ಒಂದು ಅರ್ಧ ಸಾಲು ಮುಂದೆ, ಇನ್ನೊಂದು ಅರ್ಧ ಸಾಲು ಹಿಂದೆ. ಜಗಳಗಂಟ ಸಹೋದರರ ಭಜನೆಯಂತೆ ಕೇಳುತ್ತಿತ್ತು. ಸ್ನಾನ, ಪೂಜೆ, ಅಡುಗೆ, ಊಟ, ಮಧ್ಯಾಹ್ನದ ನಿದ್ದೆ, ಯಾವುದಕ್ಕೂ ಅದು ನಿಲ್ಲಲಿಲ್ಲ. ಮಧ್ಯೆ ತಾರಸಿ ಹತ್ತಿ ಎರಡರಿಂದಲೂ ತಮ್ಮ ಅಕ್ಕನಿಗೆ ಫೋನ್ ಮಾಡಿ ಅದೇ ಕ್ಷೇಮಸಮಾಚಾರವನ್ನು ಎರಡೆರಡು ಸಲ ಕೇಳಿ ಬೈಸಿಕೊಂಡರು.

ಸಂಜೆ ಲಕ್ಷ್ಮೀದೇವಮ್ಮ ಬಂದು ನೋಡಿದರು. ಎರಡು ದಿನ ಬರುತ್ತದೆಂದು ಹೆಸರಾದ ಪ್ರಸನ್ನನ ಆರು ಸಾವಿರದ ಫೋನಿನಲ್ಲಿ ಉಳಿದದ್ದು ಶೇಕಡಾ ಒಂಬತ್ತು. ಲಕ್ಷ್ಮೀದೇವಮ್ಮನ ಐದು ಸಾವಿರದ್ದರಲ್ಲಿ ಮೂವತ್ತರ ಮೇಲಿತ್ತು.

"ಅಲ್ಲಾ, ಇದು ಹೇಗೆ?" ವರದರಾಜರು ಎರಡನ್ನೂ ತಿರುಗಿಸಿ ಮುರುಗಿಸಿ ನೋಡಿದರು.

"ಅವನದು ಪರದೆ ದೊಡ್ಡದು, ಒಳಗಿನ ಯಂತ್ರಾನೂ ಹಳೇದು. ಅದಿರಲಿ, ನಿಮ್ಮ ಹಳೇ ಫೋನ್ ಕೊಡಿ ಇಲ್ಲಿ." ಲಕ್ಷ್ಮೀದೇವಮ್ಮ ಅದರ ಸೆಟ್ಟಿಂಗ್ಸ್ ತೆರೆದು 'ಬ್ಯಾಟರಿ' ಎಂಬಲ್ಲಿ ಒತ್ತಿದರು. "ನೋಡಿ, ಚಾರ್ಜೆಲ್ಲಾ ಎಲ್ಲಿ ಹೋಯ್ತು ಅಂತ ಇಲ್ಲೇ ತೋರ್ಸತ್ತೆ. ಈ ವಾರ ಪೂರ್ತಿ ಹೆಚ್ಚೂಕಮ್ಮಿ ಎಲ್ಲಾ ವಿಡಿಯೋಗೇ ಹೋಗಿದೆ. ನಿನ್ನೆ ಆಫೀಸಿದ್ದ ದಿನಾನೂ ಹೀಗೇ! ಬಸ್ಸಲ್ಲೂ ಇದೇ ಕೇಳ್ತಿದ್ರಾ?"

ವರದರಾಜರು ಹೌದೆಂದು ತಲೆಯಾಡಿಸಿದರು.

"ಮುಂಚೆ ನೀವು ಇಷ್ಟು ಹಾಡು ಕೇಳ್ತಿರ್ಲಿಲ್ವಲ್ಲ?"

ವರದರಾಜರು ಕಿಟಕಿಯ ಕಡೆ ತಿರುಗಿದರು. "ಮುಂಚೆ ಅವಳು ಇರ್ತಿದ್ಲು. ಬೆಳಿಗ್ಗೆ ಎದ್ರೆ ಕುಕ್ಕರ್ ಜೊತೆ ಅವಳದೂ ಒಂದು ರಾಗ ಇರ್ತಿತ್ತು. ಈಗ ಮನೆ ಭಣಭಣ ಅನ್ನತ್ತೆ. ಅವಳು ಹೇಳ್ತಿದ್ದ ದೇವರನಾಮಗಳನ್ನೇ ಹುಡುಕಿ ಹಾಕ್ತೀನಿ. ಪರದೆ ಆರಿದ್ರೆ ಹಾಡೂ ನಿಂತೋಗತ್ತೆ. ಅದಕ್ಕೇ ಆರೋದಕ್ಕೆ ಬಿಡಲ್ಲ."

ಲಕ್ಷ್ಮೀದೇವಮ್ಮ ಫೋನನ್ನು ಕೆಳಗಿಟ್ಟರು. ಆಮೇಲೆ ಮೆಲ್ಲಗೆ ಅಂದರು, "ಅಂದ್ರೆ ಅವರ ದನಿ ಇಲ್ಲ ಅಂತ ದಿನವಿಡೀ ಚಾರ್ಜು ಸುಟ್ಟು, ಸಾಯಂಕಾಲ ಅವರ ದನೀನೇ ಕೇಳೋದಕ್ಕಾಗದ ಹಾಗೆ ಮಾಡ್ಕೊಂಡಿದೀರಿ."

ವರದರಾಜರಿಗೆ ನಗುವೂ ಬಂತು, ಕಣ್ಣೂ ತುಂಬಿತು. ತಪ್ಪು ಪೂರ್ತಿ ಫೋನಿನದಲ್ಲ, ಪೂರ್ತಿ ತಮ್ಮದೂ ಅಲ್ಲ. ಫೋನ್ ಹಳೆಯದಾಗಿತ್ತು, ಬ್ಯಾಟರಿ ಸೊರಗಿತ್ತು. ಅದರ ಮೇಲೆ ಇವರು ಇಷ್ಟೊಂದು ಹೊರೆ ಹೊರಿಸಿದ್ದರು.

ಮಾರನೆಯ ದಿನ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಅದೇ ಅಂಗಡಿಗೆ ಹೋದರು. ಈ ಸಲ ಕೇಳಿದ್ದು ವರದರಾಜರೇ. "ವಿಡಿಯೋ ಕಾಲ್ ಮಾಡ್ತಾ ಇದ್ರೆ ಎಷ್ಟು ಹೊತ್ತು ಬರತ್ತಪ್ಪಾ? ಚಾರ್ಜ್ ಪೂರ್ತಿ ಆಗೋದಕ್ಕೆ ಎಷ್ಟು ಹೊತ್ತು? ಚಾರ್ಜರ್ ಡಬ್ಬಿಯಲ್ಲೇ ಇದೆಯೋ, ಬೇರೆ ತಗೋಬೇಕೋ?" ಕೊನೆಗೆ ಲಕ್ಷ್ಮೀದೇವಮ್ಮನ ಹತ್ತಿರ ಇದ್ದಂಥ ಫೋನನ್ನೇ ಆರಿಸಿದರು. ಅದು ತಮ್ಮ ಮನೆಯಲ್ಲೇ, ತಮ್ಮ ಕಣ್ಣೆದುರೇ ಪರೀಕ್ಷೆ ಪಾಸಾಗಿತ್ತು. ಹಳೆಯ ಫೋನಿಗೆ ದೇವರಮನೆಯ ಪಕ್ಕದ ಸಾಕೆಟ್ಟಿನಲ್ಲೇ ಜಾಗವಾಯಿತು. ಲಕ್ಷ್ಮೀದೇವಮ್ಮ ಅದಕ್ಕೆ ದೇವರನಾಮಗಳನ್ನು ಇಳಿಸಿಕೊಟ್ಟು, ಪರದೆ ಆರಿಸಿಯೇ ಹಾಡು ಕೇಳುವುದು ಹೇಗೆಂದು ತೋರಿಸಿದರು.

ಸಂಜೆ ಏಳೂವರೆಗೆ ವರದರಾಜರು ತಾರಸಿಯಲ್ಲಿದ್ದರು. ಫೋನಿನಲ್ಲಿ ಅರ್ಧಕ್ಕಿಂತ ಹೆಚ್ಚು ಚಾರ್ಜಿತ್ತು. ಆದರೆ ಕರೆ ಬರಲಿಲ್ಲ. ಕಾದರು. ಕೊನೆಗೆ ತಾವೇ ಮಾಡಿದರು.

ಅಂಬುಜಮ್ಮನ ಮುಖ ಬಿಗಿದಿತ್ತು. "ಬೇಗ ಹೇಳಿ. ಇನ್ನೇನು ಕಟ್ ಆಗತ್ತಲ್ಲ."

"ಇವತ್ತು ಆಗಲ್ಲ ಕಣೇ. ಅಂಬುಜಾ, ನಾನು ಬೇಕೂಂತ ಕಟ್ ಮಾಡ್ತಿರ್ಲಿಲ್ಲ. ಮನೆಯಲ್ಲಿ ನಿನ್ನ ದನಿ ಇಲ್ಲ ಅಂತ ಬೆಳಗಿಂದ ಆ ಫೋನಲ್ಲಿ ಹಾಡು ಹಾಕ್ಕೊಂಡು ಕೂತಿರ್ತಿದ್ದೆ. ನೀನು ಸಿಗೋ ಹೊತ್ತಿಗೆ ಅದರಲ್ಲಿ ಏನೂ ಉಳಿದಿರ್ತಿರ್ಲಿಲ್ಲ."

ಪರದೆಯ ಮೇಲೆ ಬರೀ ಗೋಡೆ ಕಾಣುತ್ತಿತ್ತು. ಮತ್ತೆ ಕಟ್ ಆಯಿತೇನೋ ಎಂದು ವರದರಾಜರು ಚಾರ್ಜು ಎಷ್ಟಿದೆ ನೋಡಿದರು. ಆಮೇಲೆ ಮೂಗೆಳೆದ ಸದ್ದು ಕೇಳಿತು, ಸೆರಗು ಕಂಡಿತು.

"ಇಷ್ಟು ವರ್ಷದಲ್ಲಿ ಒಂದು ದಿನಾನೂ ಇಂಥ ಮಾತು ಹೇಳಿಲ್ಲ ನೀವು," ಎಂದರು ಅಂಬುಜಮ್ಮ. "ನಿಮಗೆ ನಾನಿಲ್ದೇ ಆರಾಮಾಗಿದೆ ಅಂದ್ಕೊಂಡಿದ್ದೆ. ಇನ್ನೊಂದು ತಿಂಗಳು ಇದ್ದೇ ಬರೋಣ ಅಂತಿದ್ದೆ."

"ಇರು. ಮಗಳಿಗೆ ಬೇಕಾಗಿದ್ರೆ ಇರು. ಆದ್ರೆ ಏಳೂವರೆಗೆ ಮಾಡು."

"ಮಾಡ್ತೀನಿ. ಈಗ ಇಡ್ಬೇಡಿ. ಏನೂ ಮಾತಾಡ್ದೇ ಇದ್ರೂ ಪರ್ವಾಗಿಲ್ಲ."

ಅವರು ಇಡಲಿಲ್ಲ. ಅಂಬುಜಮ್ಮ ಅಲ್ಲಿ ಮಗುವಿನ ಬಟ್ಟೆ ಮಡಿಸುತ್ತಾ ಕೂತರು, ವರದರಾಜರು ಇಲ್ಲಿ ನೋಡುತ್ತಾ ಕೂತರು. ತುಂಬಾ ಹೊತ್ತು ಹಾಗೇ ಇದ್ದರು. ಫೋನ್ ಆರಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಈ ಹಬ್ಬಕ್ಕೋ ಮುಂದಿನ ಸಂಬಳಕ್ಕೋ ನೀವೂ ಹೊಸ ಫೋನ್ ಕೊಳ್ಳಬೇಕೆಂದು ಇದ್ದೀರೇನೋ. ಡಬ್ಬಿಯ ಮೇಲಿನ ದೊಡ್ಡ ನಂಬರು ನೋಡಿ ಮರುಳಾಗಬೇಡಿ. ಮೊದಲು ನಿಮ್ಮ ಹಳೆಯ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಚಾರ್ಜು ಯಾವುದಕ್ಕೆ ಖರ್ಚಾಗುತ್ತಿದೆ ಎಂದು ನೋಡಿ. ಎಷ್ಟೋ ಸಲ ಹೊಸದು ಬೇಕಾಗುವುದೇ ಇಲ್ಲ. ಬೇಕೇ ಬೇಕೆಂದರೆ, ನಿಮ್ಮ ಹಾಗೆಯೇ ಫೋನ್ ಬಳಸುವವರನ್ನು ಕೇಳಿ. ಎರಡು ಫೋನು ಹೋಲಿಸುವುದಾದರೆ ಒಂದೇ ದಿನ, ಒಂದೇ ಕೆಲಸ, ಒಂದೇ ಬೆಳಕಿನಲ್ಲಿ ಹೋಲಿಸಿ. ನಿಮ್ಮ ಮನೆಯಲ್ಲಿ ಸಿಗ್ನಲ್ ಹೇಗಿದೆ ಎಂಬುದನ್ನು ಮರೆಯಬೇಡಿ. ಮತ್ತು ಕೊಳ್ಳುವ ಮುಂಚೆ ನಿಮ್ಮನ್ನೇ ಒಂದು ಮಾತು ಕೇಳಿಕೊಳ್ಳಿ: ನಾನು ಯಾರ ಕರೆಗೆ ಕಾಯುತ್ತಿದ್ದೇನೆ, ಅದು ಬರುವುದು ಯಾವ ಹೊತ್ತಿಗೆ? ಆ ಹೊತ್ತಿಗೆ ನಿಮ್ಮ ಫೋನಿನಲ್ಲಿ ಜೀವವಿರಲಿ.