ಬಾಯಿ ಮುಚ್ಚಿದ ಕಂಡಕ್ಟರ್

ನಮ್ಮ ಬಿಜೂರಿನ ಶಾಲೆಗೆ ಟ್ಯಾಬ್ ಬಂದ ಮೂರೇ ತಿಂಗಳಲ್ಲಿ ಐದನೇ ಕ್ಲಾಸಿನ ಮೋಕ್ಷಿತಾ ಭಾರೀ ಬುದ್ಧಿವಂತೆಯಾಗಿಬಿಟ್ಟಳು. ಹಾಗೆಂದು ಹೇಳಿದ್ದು ನಾನಲ್ಲ, ಟ್ಯಾಬು. ಪಾಠದ ಕೊನೆಯ ಹತ್ತು ಪ್ರಶ್ನೆಗೂ ಅವಳಿಗೆ ಹಸಿರು ದೀಪ. ನನ್ನೆದುರು ಪುಸ್ತಕ ಹಿಡಿದರೆ ಮಾತ್ರ ಅದೇ ಹುಡುಗಿಗೆ ಕೆಮ್ಮು, ಬಾಯಾರಿಕೆ, ಹೊಟ್ಟೆನೋವು ಎಲ್ಲ ಒಟ್ಟಿಗೇ ಬರುತ್ತಿದ್ದವು.

ಟ್ಯಾಬ್ ಕೊಟ್ಟ ಟ್ರಸ್ಟಿನ ಉಮಾನಾಥ ಒಳ್ಳೆಯ ಮನುಷ್ಯ, ಆದರೆ ಪರದೆಯಿಂದ ತಲೆ ಎತ್ತುವವನಲ್ಲ. "ಸ್ನೇಹಲತಾ ಟೀಚರ್, ಎಲ್ಲ ಹಸ್ರೇ ಇತ್ತಲೆ. ನಿಮ್ಮ ಸಂಜೆ ಓದಿನ ಕ್ಲಾಸ್ ಇನ್ನೆಂತಕೆ? ಮುಂದಿನ ತಿಂಗ್ಳಿಂದ ಆ ಹೊತ್ತೂ ಟ್ಯಾಬಿಗೇ ಕೊಡುವ" ಎಂದ. ನನಗೆ ಮೈಯೆಲ್ಲ ಉರಿಯಿತು. ಆ ಒಂದು ಗಂಟೆಯೂ ಹೋದರೆ ಮೋಕ್ಷಿತಾ ಓದು ಬಾರದೆಯೇ ಹೈಸ್ಕೂಲಿನ ಮೆಟ್ಟಿಲು ಹತ್ತುತ್ತಾಳೆ.

ಗುಟ್ಟು ಹೊರಬಿದ್ದದ್ದು ಮರುದಿನ. ಅವಳ ಟ್ಯಾಬಿನ ಸ್ಪೀಕರ್ ಅದೊಂದು ದಿನ ಕೆಟ್ಟಿತ್ತು. ಹುಡುಗಿ ಕೈಕಟ್ಟಿ ಕೂತಿದ್ದಳು.

"ಎಂತಾಯ್ತ್ ಹೆಣ್ಣೇ?"

"ಅದ್ ಮಾತಾಡ್ತಿಲ್ಲೆ ಟೀಚರ್."

ಪ್ರಶ್ನೆ, ಉತ್ತರ ಎಲ್ಲವನ್ನೂ ಯಂತ್ರವೇ ಓದಿ ಹೇಳುತ್ತಿತ್ತು; ಇವಳು ಕೇಳಿ ಒತ್ತುತ್ತಿದ್ದಳು. ಅಕ್ಷರ ಬಿಡಿಬಿಡಿಯಾಗಿ ಗೊತ್ತು, ಕೂಡಿಸಲು ಬಾರದು. ಥೇಟ್ ಅವಳ ಅಜ್ಜಿ ಬಾಗಿಯ ಕ್ರಮ. ಮೀನಿನ ಬುಟ್ಟಿ ಹೊತ್ತು ಹೈವೇಯಲ್ಲಿ ಬಸ್ಸಿಗೆ ನಿಲ್ಲುವ ಬಾಗಿ ನಲವತ್ತು ವರ್ಷದಲ್ಲಿ ಒಂದು ಬೋರ್ಡನ್ನೂ ಓದಿದವಳಲ್ಲ. ಕೇಳಿದರೆ, "ಬೋರ್ಡ್ ಎಂತಕೆ, ಕಂಡಕ್ಟರಿಗೆ ಬಾಯಿಲ್ಯಾ?" ಎನ್ನುತ್ತಾಳೆ.

ಉಮಾನಾಥನೆದುರು ಟ್ಯಾಬಿನ ಶಬ್ದ ನಿಲ್ಲಿಸಿ ಅವಳಿಂದ ಓದಿಸಿದ್ದರೆ ಎರಡೇ ನಿಮಿಷದಲ್ಲಿ ನಾನು ಗೆಲ್ಲುತ್ತಿದ್ದೆ. ಆಸೆಯೂ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಎಲ್ಲರೆದುರು ತಲೆ ತಗ್ಗಿಸಬೇಕಾದವಳು ಹತ್ತು ವರ್ಷದ ಹುಡುಗಿ. ಅದು ನನ್ನಿಂದಾಗದು. ಅವನು ಮತ್ತೆ ಬರುವುದು ತಿಂಗಳ ಕೊನೆಗೆ. ಅಷ್ಟರೊಳಗೆ ಕಲಿಸಿಯೇ ಸೈ, ಕ್ಲಾಸಿನ ಪರವಾಗಿ ಅವಳ ಓದೇ ಮಾತಾಡಲಿ ಎಂದುಕೊಂಡೆ.

ದಿನಾ ಬೆಳಿಗ್ಗೆ ಎಂಟೂವರೆಗೆ ಅವಳನ್ನು ಕರೆಸಿದೆ. ರಟ್ಟಿನ ಮೇಲೆ ಬಸ್ಸಿನ ಬೋರ್ಡುಗಳನ್ನೇ ಬರೆದೆ: ಬೈಂದೂರು, ಕುಂದಾಪುರ, ಸಾಲಿಗ್ರಾಮ. ನಾನು ಬಾಯಿ ಮುಚ್ಚಿದ ಕಂಡಕ್ಟರ್. ಬೋರ್ಡ್ ಓದದೆ ಬಸ್ಸು ಹತ್ತುವಂತಿಲ್ಲ. ಮೊದಲ ವಾರ ಅವಳು ಅತ್ತಳು. ಆಮೇಲೆ ನಾನೂ ಅತ್ತೆ, ಮನೆಗೆ ಹೋಗಿ. ಒಂದು ಬೆಳಿಗ್ಗೆ 'ಸಾಲಿಗ್ರಾಮ'ದ ಒತ್ತಕ್ಷರದಲ್ಲಿ ಎಡವಿದವಳು, ನಾನು ಬಾಯಿ ತೆರೆಯುವ ಮೊದಲೇ, ತಾನೇ ಸರಿಮಾಡಿಕೊಂಡಳು. ಬಸ್ಸು ಹೊರಟಿತು.

ಉಮಾನಾಥ ಬಂದ ದಿನ ನಾನೇ ಟ್ಯಾಬಿನ ಶಬ್ದ ನಿಲ್ಲಿಸಿದೆ. ಹೊಸ ಪಾಠ. ಮೋಕ್ಷಿತಾ ಸಾಲಿನ ಕೆಳಗೆ ಬೆರಳಿಟ್ಟು, ನಿಧಾನವಾಗಿ, ಕೊನೆಯವರೆಗೂ ಓದಿದಳು.

"ಕಂಡ್ರಿಯಾ ಟೀಚರ್! ಟ್ಯಾಬಿನ ಕೆಲ್ಸ ಅಂದ್ರೆ ಇದ್" ಎಂದು ಉಮಾನಾಥ ಹಿಗ್ಗಿದ. "ಇನ್ನ್ ನಿಮ್ಮ ಕ್ಲಾಸ್ ನಿಲ್ಸುಕೆ ಎಂತ ಅಡ್ಡಿ?"

ಅವಳ ಮಾನ ಉಳಿಸಲು ಹೋಗಿ ಕ್ಲಾಸನ್ನೇ ಕಳೆದುಕೊಂಡಿದ್ದೆ. ನಿಜ ಹೇಳಬೇಕಾದರೆ ಅವಳ ಹೆಸರೆತ್ತಬೇಕು. ಬೋರ್ಡಿನ ರಟ್ಟುಗಳನ್ನು ಚೀಲದೊಳಗೆ ತಳ್ಳಿದೆ.

ಮೋಕ್ಷಿತಾ ನನ್ನ ಮುಖ ನೋಡಿ ಎದ್ದು ನಿಂತಳು.

"ಸರ್, ಹ್ವಾದ್ ತಿಂಗ್ಳ್ ನಂಗೆ ಓದುಕೇ ಬತ್ತಿರ್ಲಿಲ್ಲೆ. ಆಗ್ಳೂ ಹಸ್ರೇ ಬತ್ತಿದ್ದಿತ್."

ಇಡೀ ಕ್ಲಾಸು ಅವಳತ್ತ ತಿರುಗಿತು. ಅವಳು ತಲೆ ತಗ್ಗಿಸಲಿಲ್ಲ. ಉಮಾನಾಥ ಟ್ಯಾಬನ್ನು ಮೇಜಿನ ಮೇಲಿಟ್ಟ. "ಮತ್ತ್ ಯಾರಿಗೆಲ್ಲ ಹೀಂಗೆ?" ಎಂದು ಮೆಲ್ಲಗೆ ಕೇಳಿದ.

ಹಿಂದಿನ ಬೆಂಚಿನಿಂದ ಒಂದು ಕೈ ಎದ್ದಿತು. ಆಮೇಲೆ ಇನ್ನೆರಡು. ನಾನು ರಟ್ಟುಗಳನ್ನು ಹೊರತೆಗೆದೆ.