ಬಿಳಿ ಬಿಟ್ಟ ಮಲ್ಲಿಗೆ

ಆಂಡಾಳಮ್ಮ ಅರ್ಧ ಪಾತ್ರೆ ಅವರೆಕಾಳು ಹಿತಕಿ ಆಗಿತ್ತು, ಆಗ ಸುಪ್ರಜಾ ಬಂದಳು. ಅಣ್ಣನ ಮಗಳು. ಚಾಮರಾಜಪೇಟೆಯ ಈ ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ ಅವಳ ಮಾತು ಶುರು. ಇವತ್ತು ಮಾತ್ರ ಅತ್ತೆಯ ಎದುರು ಕೂತು, ತಾನೂ ನಾಲ್ಕು ಕಾಳು ಹಿತಕಿ, ಒಂದನ್ನು ಗೋಡೆಗೆ ಹಾರಿಸಿದ ಮೇಲೆ ವಿಷಯಕ್ಕೆ ಬಂದಳು.

ಅವಳ ಅಪ್ಪ ಬದರೀನಾರಾಯಣ ಐವತ್ತು ವರ್ಷದ ಹಿಂದೆ ಚಿತ್ರ ಬರೆದಿದ್ದ ಕಾದಂಬರಿ ಮತ್ತೆ ಅಚ್ಚಾಗುತ್ತಿತ್ತು. ಆಗ ಧಾರಾವಾಹಿಯಾಗಿ ಬಂದದ್ದು ಈಗ ಕಾಲೇಜಿನಲ್ಲಿ ಪಾಠ. ಹಳೆಯ ಪ್ರತಿಗಳಲ್ಲಿ ಚಿತ್ರಗಳು ಮಸಿ ಮೆತ್ತಿಕೊಂಡಿದ್ದವು. ಅಣ್ಣ ಕೈಯಾರೆ ಬರೆದ ಹನ್ನೆರಡು ಹಾಳೆಗಳು ಆಂಡಾಳಮ್ಮನ ಬೀರುವಿನಲ್ಲಿದ್ದವು. ಪ್ರಕಾಶಕರಿಗೆ ಅವೇ ಬೇಕು.

“ಒಂದನ್ನ ಮಾತ್ರ ಸರಿ ಮಾಡ್ಬೇಕು ಅತ್ತೆ. ಆ ಬಾವಿಕಟ್ಟೆ ಚಿತ್ರ. ಕಥೇಲಿ ಅಷ್ಟೊತ್ತಿಗೆ ನಾಯಕಿ ಗಂಡ ಸತ್ತು ವರ್ಷ ಆಗಿರತ್ತೆ. ಅಪ್ಪ ನೋಡಿದ್ರೆ ಕುಂಕುಮ ಇಟ್ಟು ಹೂ ಮುಡ್ಸಿದಾರೆ. ಓದ್ದೇ ಬರ್ದಿದಾನೆ ಅಂತ ಆಗ್ಲೇ ಆಡ್ಕೊಂಡಿದ್ರಂತಲ್ಲ. ಕಂಪ್ಯೂಟರಲ್ಲಿ ಎರಡು ನಿಮಿಷ, ಅಳಿಸ್ಬಿಡ್ತಾರೆ. ಇಲ್ಲ, ಅದೊಂದು ಬಿಟ್ಟು ಮಿಕ್ಕಿದ್ದು ಹಾಕ್ತಾರೆ. ನೀವು ಹೇಗೆ ಹೇಳಿದ್ರೆ ಹಾಗೆ.”

ನಾಳೆ ಬಾ, ತೆಗೆದಿಟ್ಟಿರುತ್ತೇನೆ ಎಂದು ಆಂಡಾಳಮ್ಮ ಅವಳನ್ನು ಕಳಿಸಿದಳು. ಕೈ ತೊಳೆದು, ಬೀರು ತೆಗೆದು, ಕಟ್ಟು ಬಿಚ್ಚಿದಳು.

ಆಗ ಅವಳಿಗೆ ಇಪ್ಪತ್ತಮೂರು. ಗಂಡ ತೀರಿಕೊಂಡು ಎಂಟು ತಿಂಗಳು, ಅಣ್ಣನ ಮನೆಗೆ ಬಂದು ಏಳು. ಒಂದು ಸಂಜೆ ಅಣ್ಣ ತೊಡೆಯ ಮೇಲೆ ಹಲಗೆ ಇಟ್ಟುಕೊಂಡು, ನೀರು ಸೇದುವ ಹಾಗೆ ಸ್ವಲ್ಪ ನಿಂತ್ಕೊಳೇ ಅಂದ. ಕಿಟಕಿಯ ಸರಳಿಗೆ ಕಟ್ಟಿದ ಹಗ್ಗ ಹಿಡಿದು ಅವಳು ನಿಂತಳು, ಬೋಳು ಹಣೆ, ಬರಿಗೈ. ಬೆಳಿಗ್ಗೆ ಎದ್ದು ನೋಡಿದರೆ ಹಾಳೆಯಲ್ಲಿ ಅವಳದೇ ಮೂಗು, ಅವಳದೇ ಬಾಗಿದ ಕತ್ತು. ಹಣೆಯಲ್ಲಿ ಕುಂಕುಮ. ತುರುಬಿನ ತುಂಬ ಮಲ್ಲಿಗೆ.

ಅಣ್ಣ ಮಲ್ಲಿಗೆಯನ್ನು ಬರೆಯುತ್ತಿರಲಿಲ್ಲ. ಕೂದಲಿಗೆ ಕಪ್ಪು ತುಂಬುವಾಗ ಕುಂಚದ ತುದಿಯಲ್ಲಿ ಒಂದೊಂದೇ ಎಸಳನ್ನು ಬಳಸಿ ಹೋಗಿ ಕಾಗದವನ್ನು ಬಿಳಿ ಬಿಡುತ್ತಿದ್ದ. ಒಂದು ಹನಿ ಶಾಯಿ ಜಾರಿದರೆ ಹೂ ಹೋಯಿತು. ಅದು ಕೈತಪ್ಪಿ ಆಗುವ ಕೆಲಸವಲ್ಲ. ಕಾದಂಬರಿಯನ್ನಂತೂ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಎರಡು ಸಲ ಓದಿದ್ದ.

ಓದುಗರ ಕಾಗದಗಳು ಬಂದವು. ಗೆಳೆಯ ಶೀನಣ್ಣ ಕಾಫಿ ಹೀರುತ್ತ, “ಏನಯ್ಯಾ ಬದರಿ, ಸತ್ತೋನ್ನ ಎಬ್ಬಿಸ್ಕೊಂಡು ಬಂದ್ಯಲ್ಲ,” ಎಂದು ನಕ್ಕ.

“ಓದಿರ್ಲಿಲ್ಲ ಕಣೋ. ತಪ್ಪಾಯ್ತು,” ಅಂದ ಅಣ್ಣ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ತಂಗಿಯ ಕಡೆ ತಿರುಗಲಿಲ್ಲ. ಆ ಪತ್ರಿಕೆಯವರು ಎರಡು ವರ್ಷ ಅವನನ್ನು ಕರೆಯಲಿಲ್ಲ. ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ; ಹೇಳದೆಯೇ ಹೋಗಿಬಿಟ್ಟ.

ಈಗ, ಆ ಚಿತ್ರದಲ್ಲಿರುವುದು ನಾನು ಎಂದು ಒಂದು ಮಾತು ಹೇಳಿದರೆ ಅಣ್ಣನ ಮೇಲಿನ ಅಪವಾದ ಹೋಗುತ್ತದೆ. ಸುಪ್ರಜಾ ಕಣ್ಣು ತುಂಬಿಕೊಂಡು ಅದನ್ನು ಮುನ್ನುಡಿಗೆ ಹಾಕಿಸುತ್ತಾಳೆ. ಆಮೇಲೆ ಓದಿದವರೆಲ್ಲ ಆ ಹೂವನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಅಣ್ಣ ಬೈಸಿಕೊಂಡು ಮುಚ್ಚಿಟ್ಟದ್ದು ಅದನ್ನೇ ಅಲ್ಲವೆ?

ಆಂಡಾಳಮ್ಮ ಹನ್ನೊಂದು ಹಾಳೆಗಳನ್ನು ಎಣಿಸಿ ದಾರ ಕಟ್ಟಿದಳು. ಬಾವಿಕಟ್ಟೆಯದನ್ನು ಬೀರುವಿನಲ್ಲಿ ತನ್ನ ಸೀರೆಗಳ ಅಡಿಗೆ ಸರಿಸಿದಳು. ಅದೊಂದು ಬಿಟ್ಟೇ ಹಾಕಲಿ ಅಂದರಾಯಿತು. ಯಾಕೆ ಅಂತ ಸುಪ್ರಜಾ ಕೇಳಿಯೇ ಕೇಳುತ್ತಾಳೆ. ಕೇಳಲಿ.